ಐಟಿಗೆ ಬರುವವರ ಹಳೇ ಅನುಭವಕ್ಕೆ ಸೊನ್ನೆ ಹಾಕಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವರ್ಗೀಕೃತ ಪುಟದಲ್ಲಿ ಕೆಲವು ವಾರಗಳಿಂದ ಒಂದು ಜಾಹೀರಾತು ಬರುತ್ತಿದೆ. ಯಾವ ಡಿಗ್ರಿ ಆದರೂ ಸರಿ, ಎಷ್ಟು ವರ್ಷ ಗ್ಯಾಪ್ ಇದ್ದರೂ ಸರಿ, ಬೇರೆ ಫೀಲ್ಡ್‌ನಲ್ಲಿದ್ದರೂ ಸರಿ, ಐಟಿ ಕೆಲಸ ಖಚಿತ ಅನ್ನುವ ಧಾಟಿಯದು. ಕೆಳಗೆ ಎರಡು ಮೊಬೈಲ್ ನಂಬರ್ ಇದೆ, ವಿಳಾಸ ಇಲ್ಲ. ಬೇರೆ ಫೀಲ್ಡ್‌ನಿಂದ ಐಟಿಗೆ ಬಂದವಳು ನಾನು. ಆ ಎರಡು ಇಂಚಿನಲ್ಲಿ ಬರೆಯದೇ ಬಿಟ್ಟದ್ದು ಏನು ಅಂತ ಹೇಳುವ ಹಕ್ಕು ನನಗಿದೆ ಅಂದುಕೊಂಡು ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಕತ್ತರಿ ಹಾಕುವುದಾದರೆ ನನ್ನ ಸ್ವಂತ ಕತೆಗೆ ಹಾಕಿ, ಕೊನೆಯ ಭಾಗ ಉಳಿಸಿ. ಹೆಸರು ಪ್ರಕಟಿಸುವುದು ಬೇಡ. ಈಗಿರುವ ಕಂಪನಿಯಲ್ಲಿ ಪತ್ರಿಕೆಗೆ ಬರೆಯಲು ಅನುಮತಿ ಕೇಳಬೇಕು, ಕೇಳಿದರೆ ಕೊಡುವುದಿಲ್ಲ.

ನಮ್ಮೂರು ಅರಸೀಕೆರೆ ತಾಲ್ಲೂಕು. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಪೀಣ್ಯ ಎರಡನೇ ಹಂತದ ಒಂದು ಮಷೀನ್ ಶಾಪ್‌ಗೆ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ ಸೇರಿದೆ. ವಾಹನ ಕಂಪನಿಗಳಿಗೆ ಶಾಫ್ಟ್, ಪಿನ್, ಬುಷ್ ಮಾಡಿಕೊಡುವ ಶಾಪ್ ಅದು. ಹತ್ತಿರ ಹತ್ತು ವರ್ಷ ಅಲ್ಲೇ ಇದ್ದೆ. ಶಿಫ್ಟ್ ಶುರುವಾದ ಕೂಡಲೇ ಕಂಪ್ಯೂಟರ್ ನಡೆಸುವ ಒಂದೊಂದು ಸಿಎನ್‌ಸಿ ಮಷೀನಿನಿಂದಲೂ ಮೊದಲ ಪೀಸ್ ನನ್ನ ಟೇಬಲ್ಲಿಗೆ ಬರಬೇಕು. ಮೈಕ್ರೊಮೀಟರ್ ಹಿಡಿದು ಅಳೆದು, ಡ್ರಾಯಿಂಗ್ ಜೊತೆ ತಾಳೆ ನೋಡಿ, ಸಹಿ ಹಾಕಿದ ಮೇಲೆಯೇ ಎರಡನೇ ಪೀಸ್. ಸಹಿ ತಡವಾದರೆ ಆಪರೇಟರ್ ಬೈಯುತ್ತಾನೆ, ತಪ್ಪಾದರೆ ಕಸ್ಟಮರ್ ಬೈಯುತ್ತಾನೆ. ಇದರ ನಡುವೆಯೇ ಸಂಜೆ ಕಾಲೇಜಿನಲ್ಲಿ ಬಿಇ ಮಾಡಿದೆ. ಕೈಯಲ್ಲಿ ಕೂಲೆಂಟ್ ವಾಸನೆ ಇಟ್ಟುಕೊಂಡೇ ಕ್ಲಾಸಿಗೆ ಹೋಗುತ್ತಿದ್ದೆವು. ಪಕ್ಕದ ಬೆಂಚಿನವರೂ ಅಂಥವರೇ, ಹಾಗಾಗಿ ಯಾರೂ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ.

ನಮ್ಮ ಶಾಪ್‌ಗೆ ಸ್ಯಾಪ್, ಅಂದರೆ ಮಾಲು, ಉತ್ಪಾದನೆ, ಲೆಕ್ಕ ಎಲ್ಲವನ್ನೂ ಒಂದೇ ಕಡೆ ಇಡುವ ಸಾಫ್ಟ್‌ವೇರ್, ಬಂದದ್ದು ಕಸ್ಟಮರ್ ಒತ್ತಡದಿಂದ. ಯಾವ ಪಿನ್ ಯಾವ ಉಕ್ಕಿನಿಂದ ಆಯಿತು ಅಂತ ಮೂರು ವರ್ಷದ ನಂತರ ಕೇಳಿದರೂ ತೋರಿಸಬೇಕು ಅನ್ನುವುದು ಅವರ ಷರತ್ತು. ಮಾಲೀಕರು ಸಾಲ ಮಾಡಿ ಹಾಕಿಸಿದರು. ಒಂದು ಐಟಿ ಕಂಪನಿಯಿಂದ ನಾಲ್ಕೈದು ಜನ ಕನ್ಸಲ್ಟೆಂಟ್‌ಗಳು ಬಂದು ಮೇಲಿನ ಮೀಟಿಂಗ್ ರೂಮಿನಲ್ಲಿ ಕೂತರು. ಸ್ಟೋರ್ಸ್, ಪ್ರೊಡಕ್ಷನ್, ಕ್ವಾಲಿಟಿ, ಒಂದೊಂದು ವಿಭಾಗದಿಂದ ಒಬ್ಬೊಬ್ಬರನ್ನು ಕೀ ಯೂಸರ್, ಅಂದರೆ ವಿಭಾಗದ ಪರವಾಗಿ ಸಿಸ್ಟಮ್ ನೋಡಿಕೊಳ್ಳುವವರು, ಅಂತ ಅವರಿಗೆ ಒಪ್ಪಿಸಿದರು. ಕ್ವಾಲಿಟಿಯಿಂದ ನಾನು.

ಹಳೆಯದನ್ನು ಬಿಟ್ಟು ಹೊಸ ಸಿಸ್ಟಮ್ಮಿಗೆ ಬಂದ ಮೊದಲ ವಾರದಲ್ಲೇ ಗಾಡಿ ನಿಂತಿತು. ಒಂದು ಲಾರಿ ಇಎನ್19 ಅನ್ನುವ ಗ್ರೇಡಿನ ಉಕ್ಕಿನ ರಾಡು ಇಳಿದಿತ್ತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಉಕ್ಕಿನ ಕಾರ್ಖಾನೆಯಲ್ಲಿ ಒಂದು ಸಲ ಕುಲುಮೆಯಿಂದ ಇಳಿದ ಇಡೀ ಎರಕಕ್ಕೆ ಒಂದು ಹೀಟ್ ನಂಬರ್ ಇರುತ್ತದೆ. ಆ ಹೀಟ್‌ನಲ್ಲಿ ಇಂಗಾಲ ಎಷ್ಟು, ಕ್ರೋಮಿಯಂ ಎಷ್ಟು ಅಂತ ಟೆಸ್ಟ್ ಸರ್ಟಿಫಿಕೇಟ್ ಬರುತ್ತದೆ, ಶಾಪ್ ಭಾಷೆಯಲ್ಲಿ ಟಿಸಿ. ಅವತ್ತು ಲಾರಿಯಲ್ಲಿ ಎರಡು ಹೀಟಿನ ರಾಡು ಬೆರೆತಿದ್ದವು. ಒಂದರ ಟಿಸಿ ಬಂದಿತ್ತು, ಇನ್ನೊಂದರದು ಬಂದಿರಲಿಲ್ಲ. ಸ್ಟೋರ್ಸ್‌ನವರು ಎಲ್ಲ ಸೇರಿಸಿ ಒಂದೇ ಬ್ಯಾಚ್ ಮಾಡಿ ಸಿಸ್ಟಮ್ಮಿಗೆ ಏರಿಸಿದರು. ಸಿಸ್ಟಮ್ ಅಷ್ಟಕ್ಕೂ ಒಂದೇ ಇನ್‌ಸ್ಪೆಕ್ಷನ್ ಲಾಟ್, ಅಂದರೆ ಒಟ್ಟಿಗೇ ಪಾಸ್ ಇಲ್ಲವೇ ಹೋಲ್ಡ್ ಮಾಡಬೇಕಾದ ತಪಾಸಣೆಯ ಕಂತು, ಹುಟ್ಟಿಸಿ ನನ್ನ ಮುಂದೆ ಇಟ್ಟಿತು. ಪಾಸ್ ಅಂದರೆ ಟಿಸಿ ಇಲ್ಲದ ರಾಡೂ ಮಷೀನಿಗೆ ಹೋಗುತ್ತದೆ. ಹೋಲ್ಡ್ ಅಂದರೆ ಟಿಸಿ ಇರುವುದೂ ನಿಲ್ಲುತ್ತದೆ, ಕೆಳಗೆ ಮೂರು ಮಷೀನ್ ಖಾಲಿ.

ಕನ್ಸಲ್ಟೆಂಟ್ ಹುಡುಗ ಒಳ್ಳೆಯವನು, ಚುರುಕು. "ಸದ್ಯಕ್ಕೆ ಪಾಸ್ ಮಾಡಿಬಿಡಿ ಮೇಡಂ, ಆಮೇಲೆ ಸರಿ ಮಾಡೋಣ" ಅಂದ. ನಾನು ಅವನನ್ನು ಕೆಳಗೆ ಯಾರ್ಡಿಗೆ ಕರೆದುಕೊಂಡು ಹೋದೆ. ಗ್ರೇಡ್ ಗುರುತಿಗೆ ರಾಡಿನ ತುದಿಗೆ ಬಳಿದ ಬಣ್ಣ, ಕಟ್ಟಿಗೆ ತಂತಿಯಲ್ಲಿ ಬಿಗಿದ ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ಗುದ್ದಿದ ಹೀಟ್ ನಂಬರ್, ಎಲ್ಲ ತೋರಿಸಿದೆ. ಎರಡು ಕಟ್ಟು, ಒಂದೇ ಬಣ್ಣ, ಬೇರೆ ಬೇರೆ ನಂಬರ್. ಅವನು ಬಗ್ಗಿ ಬಿಲ್ಲೆ ತಿರುಗಿಸಿ ನೋಡಿ, "ಓ, ಬ್ಯಾಚ್ ಅಂದ್ರೆ ಇದಾ?" ಅಂದ. ತಿಂಗಳುಗಟ್ಟಲೆ ಸ್ಕ್ರೀನಿನ ಮೇಲೆ ಬ್ಯಾಚ್ ಅನ್ನುವ ಖಾನೆ ನೋಡಿದ್ದನೇ ಹೊರತು ರಾಡು ನೋಡಿರಲಿಲ್ಲ. ಸಂಜೆಯೊಳಗೆ ಒಂದು ಹೀಟ್‌ಗೆ ಒಂದು ಬ್ಯಾಚ್ ಅಂತ ಆಯಿತು. ಸ್ಟೋರ್ಸ್‌ನವರು ಹೀಟ್ ನಂಬರ್ ಹಾಕದೆ ಮುಂದೆ ಹೋಗದ ಹಾಗೆ ಕಟ್ಟಿದರು. ಟಿಸಿ ಬಂದ ಹೀಟನ್ನು ನಾನು ಪಾಸ್ ಮಾಡಿದೆ, ಸ್ಯಾಪ್‌ನಲ್ಲಿ 321 ಅನ್ನುವ ಸ್ಟಾಕ್ ವರ್ಗಾವಣೆಯ ಕೋಡಿನಲ್ಲಿ ಅದು ಕ್ವಾಲಿಟಿ ಸ್ಟಾಕ್‌ನಿಂದ ಬಿಡುಗಡೆಯಾಗಿ ಮಷೀನಿಗೆ ಹೋಯಿತು. ಇನ್ನೊಂದು ಯಾರ್ಡಿನಲ್ಲೇ ಕೂತಿತು.

ಸಾಫ್ಟ್‌ವೇರ್ ಆ ಹುಡುಗನಿಗೆ ನೀರು ಕುಡಿದಷ್ಟು ಸಲೀಸು. ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು, ನನಗೆ ಗೊತ್ತಿಲ್ಲದ್ದನ್ನು ಒಂದು ವರ್ಷದಲ್ಲಿ ಕಲಿಯಬಹುದಿತ್ತು. ಹೋಗುವ ಮುಂಚೆ ಅವನೇ "ನೀವು ನಮ್ಮ ಕಡೆ ಬಂದುಬಿಡಿ" ಅಂದ. ತಲೆಗೆ ಹುಳ ಬಿಟ್ಟವನು ಅವನೇ.

ಮುಂದೆ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ವಾರದ ರಜೆ ದಿನ ಬಿಟಿಎಂ ಲೇಔಟ್, ಮಾರತ್ತಹಳ್ಳಿ ಕಡೆಯ ಟ್ರೇನಿಂಗ್ ಸೆಂಟರ್‌ಗಳ ಮೆಟ್ಟಿಲು ಹತ್ತಿದೆ. ಒಂದು ಕಡೆ ಕೌನ್ಸೆಲರ್ ಅನ್ನುವ ಹುಡುಗಿ ನನ್ನ ರೆಸ್ಯೂಮೆ ನೋಡಿ, ಮೊದಲ ಪುಟಕ್ಕೆ ಅಡ್ಡ ಗೀಟು ಎಳೆದಳು.

"ಈ ಪೀಣ್ಯ, ಇನ್‌ಸ್ಪೆಕ್ಷನ್ ಎಲ್ಲ ತೆಗೀರಿ ಮೇಡಂ. ಎಚ್‌ಆರ್ ನೋಡಿದ್ರೆ ಅಲ್ಲಿಗೇ ಮುಚ್ಚಿಡ್ತಾರೆ."

"ತೆಗೆದ್ರೆ ಇಷ್ಟು ವರ್ಷ ಏನ್ ಮಾಡ್ತಿದ್ದೆ ಅಂತ ಬರೀಲಿ?"

"ಅದನ್ನ ನಾವ್ ನೋಡ್ಕೋತೀವಿ. ಜಾವಾ ಮೂರು ವರ್ಷ ಹಾಕಿಕೊಡ್ತೀವಿ."

ನಾನು ಕಲಿಯಲು ಹೋದದ್ದು ಜಾವಾ ಅಲ್ಲ ಅಂದರೂ ಅವಳಿಗೆ ಕೇಳಿಸಲಿಲ್ಲ. ಎಲ್ಲರಿಗೂ ಜಾವಾ ಫುಲ್ ಸ್ಟ್ಯಾಕ್, ಗಣಿತ ಬರುತ್ತೆ ಅಂದವರಿಗೆ ಡೇಟಾ ಸೈನ್ಸ್, ಏನೂ ಬರಲ್ಲ ಅಂದವರಿಗೆ ಟೆಸ್ಟಿಂಗ್. ಕೋರ್ಸಿಗೆ ಒಂದು ರೇಟು, ಅನುಭವ ಸೇರಿಸಿ ಅಂದರೆ ಅದರ ಎರಡರಷ್ಟು. ದುಡ್ಡಿಲ್ಲ ಅಂದರೆ ಪಕ್ಕದ ಕುರ್ಚಿಯಲ್ಲೇ ಫೈನಾನ್ಸ್ ಕಂಪನಿಯ ಹುಡುಗ ಟ್ಯಾಬ್ ಹಿಡಿದು ಕೂತಿದ್ದ. ಆಧಾರ್, ಪ್ಯಾನ್, ಒಂದು ಒಟಿಪಿ, ಮುಗಿಯಿತು. ಸಾಲ ನಿಮ್ಮ ಹೆಸರಿಗೆ, ದುಡ್ಡು ಸೆಂಟರ್ ಖಾತೆಗೆ. ಕೋರ್ಸ್ ಅರ್ಧಕ್ಕೆ ಬಿಟ್ಟರೂ ಇಎಂಐ ಬಿಡುವುದಿಲ್ಲ.

ಈ 'ಅನುಭವ' ಹೇಗೆ ತಯಾರಾಗುತ್ತದೆ ಅಂತ ಓದುಗರಿಗೆ ತಿಳಿಯಬೇಕು. ಬಾಗಿಲಿಗೆ ಬೋರ್ಡು ಇದ್ದು ಒಳಗೆ ಕೆಲಸವಿಲ್ಲದ ಒಂದು ಕಂಪನಿ ಇರುತ್ತದೆ. ಅದರ ಹೆಸರಲ್ಲಿ ಆಫರ್ ಲೆಟರ್, ಪೇ ಸ್ಲಿಪ್, ಕೊನೆಗೆ ರಿಲೀವಿಂಗ್ ಲೆಟರ್. ಇನ್ನೂ ಹೆಚ್ಚು ದುಡ್ಡು ಕೊಟ್ಟರೆ ನಿಮ್ಮದೇ ಹಣವನ್ನು ತಿಂಗಳು ತಿಂಗಳು ನಿಮ್ಮ ಖಾತೆಗೆ ಸಂಬಳ ಅಂತ ತಿರುಗಿಸಿ ಹಾಕುತ್ತಾರೆ. ಇಂಟರ್‌ವ್ಯೂನಲ್ಲಿ ಕೇಳುವ 'ಪ್ರಾಜೆಕ್ಟ್' ಬಾಯಿಪಾಠ. ಕೆಲಸವೂ ಸಿಗುತ್ತದೆ, ಸಿಗುವುದಿಲ್ಲ ಅಂತ ನಾನು ಹೇಳುವುದಿಲ್ಲ.

ಸಿಕ್ಕಿಬೀಳುವುದು ಆಮೇಲೆ. 2014ರಿಂದ ಪಿಎಫ್ ಚಂದಾದಾರರಿಗೆ ಯುಎಎನ್ ಅನ್ನುವ ಒಂದೇ ನಂಬರ್ ಇದೆ, ಕಂಪನಿ ಬದಲಾದರೂ ಅದು ಬದಲಾಗುವುದಿಲ್ಲ. ಯಾವ ತಿಂಗಳು ಯಾವ ಸಂಸ್ಥೆ ಎಷ್ಟು ಕಟ್ಟಿತು ಅಂತ ಪಾಸ್‌ಬುಕ್‌ನಲ್ಲಿ ಸಾಲು ಸಾಲಾಗಿ ಇರುತ್ತದೆ. ರೆಸ್ಯೂಮೆಯಲ್ಲಿ ಸಾಫ್ಟ್‌ವೇರ್ ಕಂಪನಿ, ಪಾಸ್‌ಬುಕ್‌ನಲ್ಲಿ ಅದೇ ತಿಂಗಳು ಪೀಣ್ಯದ ಮಷೀನ್ ಶಾಪ್ ಇದ್ದರೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರಿಗೆ ಐದು ನಿಮಿಷದ ಕೆಲಸ. ಪಿಎಫ್ ಸಾಲೇ ಇಲ್ಲದಿದ್ದರೆ ಅದೂ ಒಂದು ಪ್ರಶ್ನೆ. ಸಂಬಳದಿಂದ ಯಾರು ಎಷ್ಟು ತೆರಿಗೆ ಕಡಿದರು ಅಂತ ತೋರಿಸುವ, ಆದಾಯ ತೆರಿಗೆಯ 26ಎಎಸ್ ಪಟ್ಟಿ ಕೇಳುವವರೂ ಇದ್ದಾರೆ.

ನಾನಿದ್ದ ಪಿಜಿಯಲ್ಲಿ ಗದಗ ಕಡೆಯ ಹುಡುಗಿಯೊಬ್ಬಳಿದ್ದಳು. ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಇಂಥದೇ ಅನುಭವ ಕೊಂಡು ಕೆಲಸಕ್ಕೆ ಸೇರಿದಳು. ಕೆಲಸ ಚೆನ್ನಾಗಿಯೇ ಮಾಡುತ್ತಿದ್ದಳಂತೆ, ಅವಳ ಲೀಡ್ ಮೇಲ್‌ನಲ್ಲಿ ಹೊಗಳಿದ್ದನ್ನು ನನಗೆ ತೋರಿಸಿದ್ದಳು. ಕೆಲವು ತಿಂಗಳ ಮೇಲೆ ವೆರಿಫಿಕೇಶನ್ ರಿಪೋರ್ಟ್ ಬಂತು. ಮಧ್ಯಾಹ್ನ ಎಚ್‌ಆರ್ ಕರೆದು ಲ್ಯಾಪ್‌ಟಾಪ್, ಐಡಿ ಕಾರ್ಡ್ ಇಸಿದುಕೊಂಡರು. ಸಂಜೆ ಪಿಜಿ ಮೆಟ್ಟಿಲ ಮೇಲೆ ಕೂತು, "ಅಕ್ಕಾ, ಸಾಲಿಯೊಳಗ ಎಂಟು ವರ್ಷ ಕಲಸೇನಿ, ಅದನ್ನ ಬರದು ಕೊಟ್ಟಿದ್ರ ಕರೀತಿದ್ರೇನು?" ಅಂತ ಕೇಳಿದಳು. ಕರೆಯುತ್ತಿರಲಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ನನ್ನ ತಕರಾರು ಇಲ್ಲಿದೆ ಸಂಪಾದಕರೇ. ಸುಳ್ಳು ದಾಖಲೆ ಕೊಟ್ಟದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದಂಧೆ ಇಷ್ಟು ಧೈರ್ಯವಾಗಿ ನಡೆಯುವುದಕ್ಕೆ ಕಾರಣ ನಿಜ ಹೇಳಿದವರಿಗೆ ಬಾಗಿಲೇ ಇಲ್ಲದಿರುವುದು. ಐಟಿ ಕಂಪನಿಗಳಲ್ಲಿ ಇರುವುದು ಎರಡೇ ಬಾಗಿಲು. ಒಂದು ಫ್ರೆಶರ್‌ಗಳದು. ಹತ್ತನೇ ಕ್ಲಾಸಿನಿಂದ ಡಿಗ್ರಿವರೆಗೆ ಶೇ 60, ಬ್ಯಾಕ್‌ಲಾಗ್ ಇರಕೂಡದು, ಈ ವರ್ಷ ಇಲ್ಲ ಹೋದ ವರ್ಷ ಪಾಸಾಗಿರಬೇಕು. ಇನ್ನೊಂದು ಅನುಭವಸ್ಥರದು. ಅಲ್ಲಿ ಅದೇ ತಂತ್ರಜ್ಞಾನದಲ್ಲಿ ಮೂರು ವರ್ಷ, ಐದು ವರ್ಷ ಕೆಲಸ ಮಾಡಿರಬೇಕು. ಮೂವತ್ತರ ಆಸುಪಾಸಿನಲ್ಲಿ ಬೇರೆ ಕಸುಬು ಬಿಟ್ಟು ಬರುವವರು ಎರಡಕ್ಕೂ ಸಲ್ಲುವುದಿಲ್ಲ. ಆನ್‌ಲೈನ್ ಅರ್ಜಿಯಲ್ಲಿ ನಾನು ಪೀಣ್ಯದ ವರ್ಷಗಳನ್ನು ತುಂಬಿ, 'ಸಂಬಂಧಿತ ಅನುಭವ' ಅನ್ನುವ ಖಾನೆಯಲ್ಲಿ ಸೊನ್ನೆ ಹಾಕಬೇಕಾಗಿತ್ತು. ಸೊನ್ನೆ ಹಾಕಿದ ಅರ್ಜಿಯನ್ನು ಮನುಷ್ಯರು ಓದುವುದೇ ಇಲ್ಲ, ಸಾಫ್ಟ್‌ವೇರೇ ಬದಿಗೆ ಸರಿಸುತ್ತದೆ.

ತಮಾಷೆ ಅಂದರೆ ಈ ಉದ್ಯಮವೇ ಕಸುಬು ಬದಲಿಸಿದವರಿಂದ ಆದದ್ದು. ವಿಪ್ರೊ 1945ರಲ್ಲಿ ಶುರುವಾದದ್ದು ಮಹಾರಾಷ್ಟ್ರದ ಅಮಳನೇರ್‌ನಲ್ಲಿ, ಅಡುಗೆ ಎಣ್ಣೆಯ ಕಂಪನಿಯಾಗಿ. 2000ನೇ ಇಸವಿ ಹತ್ತಿರ ಬಂದಾಗ, ಎರಡೇ ಅಂಕಿಯಲ್ಲಿ ಬರೆದ ವರ್ಷದಿಂದ ಕಂಪ್ಯೂಟರುಗಳು ಗೊಂದಲಕ್ಕೆ ಬೀಳುತ್ತವೆ ಅಂತ ಜಗತ್ತೆಲ್ಲ ಗಾಬರಿಯಾದ ದಿನಗಳಲ್ಲಿ, ಸಿವಿಲ್ ಮೆಕ್ಯಾನಿಕಲ್ ಅಂತ ನೋಡದೆ ಹುಡುಗರನ್ನು ತಂದು ಕೋಬಾಲ್ ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆ ಕಲಿಸಿ ಕೂರಿಸಿದರು. ಮೈಸೂರಿನ ಇನ್ಫೊಸಿಸ್ ಕ್ಯಾಂಪಸ್ಸಿನಲ್ಲಿ ಎಂಜಿನಿಯರಿಂಗ್‌ನ ಯಾವ ಶಾಖೆಯಿಂದ ಬಂದವರಿಗೂ ಸಂಬಳ ಕೊಟ್ಟು ತಿಂಗಳುಗಟ್ಟಲೆ ಕಲಿಸುತ್ತಾ ಬಂದಿದ್ದಾರೆ. ಅಂದಮೇಲೆ ಬೇರೆ ಶಾಖೆಯವರು ಬೇಡ ಅನ್ನುವುದು ಸುಳ್ಳು. ಸಿಮೆಂಟನ್ನು ಪುಸ್ತಕದಲ್ಲಿ ಮಾತ್ರ ನೋಡಿದ ಇಪ್ಪತ್ತೆರಡರ ಸಿವಿಲ್ ಹುಡುಗ ಬೇಕು. ಹತ್ತು ವರ್ಷ ಸೈಟಿನಲ್ಲಿ ನಿಂತ ಮೂವತ್ತೆರಡರ ಸಿವಿಲ್ ಎಂಜಿನಿಯರ್ ಬೇಡ. ಬೇಡವಾಗುವುದು ವಯಸ್ಸು. ಅದನ್ನು ಬಾಯಿಬಿಟ್ಟು ಹೇಳಲು ಆಗದೆ 'ಸಂಬಂಧಿತ ಅನುಭವ' ಅನ್ನುತ್ತಾರೆ.

ನಾನು ಹೇಗೆ ಬಂದೆ? ಸೆಂಟರ್‌ಗಳ ಸಹವಾಸ ಬಿಟ್ಟು, ನಮ್ಮ ಶಾಪ್‌ನಲ್ಲೇ ಉಳಿದು, ಸ್ಯಾಪ್‌ನ ಕ್ವಾಲಿಟಿ ವಿಭಾಗವನ್ನು ಯೂಸರ್ ಆಗಿ ನೋಡುತ್ತಿದ್ದುದನ್ನು ಹಿಂಬದಿಯಿಂದ ನೋಡಲು ಶುರು ಮಾಡಿದೆ. ಸ್ಯಾಂಪ್ಲಿಂಗ್ ಯೋಜನೆಯನ್ನು ಎಲ್ಲಿ ಕಟ್ಟುತ್ತಾರೆ, ಲಾಟ್ ಯಾವಾಗ ಹುಟ್ಟುತ್ತದೆ, ಯಾಕೆ ಹುಟ್ಟುವುದಿಲ್ಲ. ಸಮಸ್ಯೆ ಬಂದಾಗಲೆಲ್ಲ ಸಪೋರ್ಟ್‌ನವರಿಗೆ ಮೇಲ್ ಹಾಕಿ ಸುಮ್ಮನಾಗದೆ, ಏನು ಬದಲಿಸಿದಿರಿ ಅಂತ ಕೇಳಿ ಬರೆದಿಟ್ಟುಕೊಂಡೆ. ಡೇಟಾಬೇಸ್ ಪಾಠಗಳನ್ನು ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಬಿಟ್ಟಿಯಾಗಿ ನೋಡಿದೆ. ಇಂಗ್ಲಿಷ್ ಪಾಠ, ನಿಲ್ಲಿಸಿ ನಿಲ್ಲಿಸಿ ಕೇಳಬೇಕು, ಆದರೂ ಬಿಟಿಎಂಗಿಂತ ಮೇಲು. ಕೊನೆಗೆ ಯಾರ್ಡಿಗೆ ಬಂದಿದ್ದ ಆ ಹುಡುಗನೇ, ಕಾರ್ಖಾನೆಗಳಿಗೆ ಸಪೋರ್ಟ್ ಕೊಡುವ ಒಂದು ಮಧ್ಯಮ ಗಾತ್ರದ ಕಂಪನಿಗೆ ನನ್ನ ಹೆಸರು ಕೊಟ್ಟ. ಅಲ್ಲಿ ಇಂಟರ್‌ವ್ಯೂ ಮಾಡಿದವರು ಸ್ವತಃ ಒಂದು ಕಾಲದಲ್ಲಿ ಫೌಂಡ್ರಿಯಲ್ಲಿದ್ದವರು. ಜಾವಾ ಕೇಳಲಿಲ್ಲ. ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗೆ ಕಳಿಸಿದ ಮಾಲು ವಾಪಸ್ ಬಂದಾಗ ಗಡಸುತನ ಎಷ್ಟು ಪೀಸಿನಲ್ಲಿ ನೋಡುತ್ತೀರಿ, ಒಂದು ಫೇಲಾದರೆ ಏನು ಮಾಡುತ್ತೀರಿ ಅಂತ ಕೇಳಿದರು. ಇದಕ್ಕೆ ನಾನು ನಿದ್ದೆಯಲ್ಲೂ ಉತ್ತರ ಹೇಳುತ್ತೇನೆ.

ಅಂದರೆ ನಾನು ಬಂದದ್ದು ಪರಿಚಯದಿಂದ. ಬಾಗಿಲಿನಿಂದ ಬರಲಿಲ್ಲ, ಯಾರೋ ಕಿಟಕಿ ತೆಗೆದರು. ಎಲ್ಲರಿಗೂ ಅಂಥವರು ಸಿಗುವುದಿಲ್ಲ.

ಸಂಬಳದ ಬಗ್ಗೆ ಸೆಂಟರ್‌ನವರು ಹೇಳುವ ಲಕ್ಷಗಳ ಲೆಕ್ಕ ಬೇರೆ. ಪೀಣ್ಯದಲ್ಲಿ ಕೈಗೆ 26 ಸಾವಿರ ಬರುತ್ತಿತ್ತು. ಐಟಿಯಲ್ಲಿ ಮೊದಲ ವರ್ಷ ಅದಕ್ಕಿಂತ ಹೆಚ್ಚೇನೂ ಬರಲಿಲ್ಲ, ಎರಡನೇ ವರ್ಷದ ಮೇಲೆ ಏರಿತು. ಕಷ್ಟವಾದದ್ದು ಮಾತು. ಫೋನಿನ ಆ ತುದಿಯಲ್ಲಿ ಜರ್ಮನಿಯವನೊಬ್ಬ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಬಾಯಿ ಕಟ್ಟಿದಂತಾಗುವುದು ದೊಡ್ಡ ಹಿಂಸೆ. ನನಗಿಂತ ಎಂಟು ವರ್ಷ ಚಿಕ್ಕವನು ಲೀಡ್. ಅದೇನೂ ನನ್ನನ್ನು ಕಾಡಲಿಲ್ಲ, ಅವನಿಗೇ ಮುಜುಗರ. ರಾತ್ರಿ ಪಾಳಿ ಅಂದರೆ ಆಫೀಸಿನಲ್ಲಿ ಎಲ್ಲರೂ ಗೊಣಗುತ್ತಾರೆ, ಏಸಿ ರೂಮಿನಲ್ಲಿ ಕುರ್ಚಿ ಕೊಟ್ಟು ನೈಟ್ ಶಿಫ್ಟ್ ಅಂದರೆ ನನಗೆ ನಗು ಬರುತ್ತದೆ. ದಾಸರಹಳ್ಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುವುದು ಮಾತ್ರ ನಿಜವಾದ ಶಿಕ್ಷೆಯಾಗಿತ್ತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆಯಲ್ಲಿ ಮೆಟ್ರೊ ಬದಲಿಸಿ ಹೋಗುತ್ತೇನೆ.

ಇನ್ನು ಖಚಿತ ಕೆಲಸದ ಮಾತು. ಟಿಸಿಎಸ್‌ನಂಥ ಟಿಸಿಎಸ್ 2025ರ ಜುಲೈನಲ್ಲಿ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಕೋಡ್ ಬರೆಯುವ ಎಐ ಸಾಧನಗಳು ನಮ್ಮ ಆಫೀಸಿನಲ್ಲೂ ಬಂದಿವೆ. ಆರು ತಿಂಗಳ ಕೋರ್ಸಿನಲ್ಲಿ ಕಲಿಸುವ ಬಗೆಯ ಕೋಡನ್ನು ಅವು ಚೆನ್ನಾಗಿಯೇ ಬರೆಯುತ್ತವೆ. ಲಾರಿಯಲ್ಲಿ ಎರಡು ಹೀಟ್ ಬೆರೆತು ಬರುತ್ತದೆ, ಹಾಗಾಗಿ ಸ್ಟೋರ್ಸ್‌ನವರನ್ನು ಇಲ್ಲಿ ತಡೆಯಬೇಕು ಅಂತ ಅದಕ್ಕೆ ಯಾರಾದರೂ ಹೇಳಿಕೊಡಬೇಕಷ್ಟೆ. ಹೇಳಿಕೊಡಬಲ್ಲವರ ರೆಸ್ಯೂಮೆಯ ಮೊದಲ ಪುಟಕ್ಕೇ ನಾವು ಗೀಟು ಎಳೆಯುತ್ತಿದ್ದೇವೆ.

ಪೀಣ್ಯದ ಹಳೇ ಜೊತೆಗಾರರು ಈಗಲೂ ಫೋನ್ ಮಾಡುತ್ತಾರೆ, "ಅಕ್ಕಾ, ನಾನೂ ಬರ್ಲಾ?" ಅಂತ. ಎಲ್ಲರಿಗೂ ಒಂದೇ ಉತ್ತರ ಕೊಡುವುದಿಲ್ಲ. ಸ್ಟೋರ್ಸ್‌ನಲ್ಲಿದ್ದವನಿಗೆ ಬಾ ಅಂದೆ. ಮಾಲು ಎಲ್ಲಿ ಕಳೆದುಹೋಗುತ್ತದೆ, ಲೆಕ್ಕ ಯಾಕೆ ತಪ್ಪುತ್ತದೆ ಅಂತ ಅವನಷ್ಟು ತಿಳಿದವರು ನಮ್ಮ ಟೀಮಿನಲ್ಲಿಲ್ಲ. ಸಿಎನ್‌ಸಿ ಪ್ರೋಗ್ರಾಮ್ ಬರೆಯುವ ಒಬ್ಬನಿಗೆ, ನೀನು ಈಗಾಗಲೇ ಪ್ರೋಗ್ರಾಮರ್ ಕಣಪ್ಪ, ಮಷೀನಿಗೆ ಜಿ00 ಜಿ01 ಅಂತ ಆಜ್ಞೆ ಬರೆದು, ಟೂಲ್ ಒಡೆಯದ ಹಾಗೆ ಮೊದಲು ಮಾಲಿಲ್ಲದೆ ಓಡಿಸಿ ಡ್ರೈ ರನ್ ಮಾಡುವವನು, ಪೈಥಾನ್ ಕಲಿ, ಆದರೆ ಮಷೀನಿನ ಡೇಟಾ ಓದುವ ಕಡೆಗೇ ಹೋಗು ಅಂದೆ. ಇನ್ನೊಬ್ಬನಿಗೆ ಬೇಡವೇ ಬೇಡ ಅಂದೆ. ಗ್ರೈಂಡಿಂಗ್‌ನಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಕೈ ಕೂತವನು, ಕಿಡಿ ನೋಡಿ ಕಲ್ಲು ಮೊಂಡಾಗಿದೆ ಅನ್ನುವವನು. ಸಂಬಳ ಸಾಲದು ಅನ್ನುವುದೊಂದೇ ಅವನ ಕಾರಣ, ಅದಕ್ಕೆ ಬೇರೆ ಶಾಪ್ ಹುಡುಕಿದರೆ ಸಾಕು. ಕುರ್ಚಿಯಲ್ಲಿ ಕೂರಿಸಿದರೆ ಎರಡು ತಿಂಗಳಲ್ಲಿ ಒಣಗಿಹೋಗುತ್ತಾನೆ.

ಪೀಣ್ಯ ಒಂದೇ ಅಲ್ಲ. ಬ್ಯಾಂಕ್ ಕೌಂಟರಿನಲ್ಲಿ ವರ್ಷಗಟ್ಟಲೆ ಫಿನಾಕಲ್ ಅನ್ನುವ ಬ್ಯಾಂಕಿಂಗ್ ಸಾಫ್ಟ್‌ವೇರ್ ಬಳಸಿದ ಗುತ್ತಿಗೆ ನೌಕರರಿಗೆ, ದಿನದ ಕೊನೆಗೆ ಲೆಕ್ಕ ಯಾಕೆ ಹೊಂದುವುದಿಲ್ಲ ಅಂತ ಗೊತ್ತಿರುತ್ತದೆ. ಆ ಸಾಫ್ಟ್‌ವೇರ್ ನಮ್ಮ ಇನ್ಫೊಸಿಸ್ಸಿನದೇ, ಅದನ್ನು ಟೆಸ್ಟ್ ಮಾಡಲು ಇವರಿಗಿಂತ ಯಾರು ಬೇಕು? ಗಾರ್ಮೆಂಟ್ಸ್‌ನಲ್ಲಿ ಲೈನ್ ಪ್ಲಾನಿಂಗ್ ಮಾಡಿದ ಹೆಣ್ಣುಮಕ್ಕಳು ಒಂದು ಶರ್ಟಿಗೆ ಎಷ್ಟು ನಿಮಿಷ, ಕಾಲರ್ ಹೊಲಿಯುವವರು ರಜೆ ಹಾಕಿದರೆ ಇಡೀ ಲೈನ್ ಎಲ್ಲಿ ಕಟ್ಟಿಕೊಳ್ಳುತ್ತದೆ ಅಂತ ತಲೆಯಲ್ಲೇ ಲೆಕ್ಕ ಹಾಕುತ್ತಾರೆ. ನರ್ಸ್‌ಗಳು ಮೆಡಿಕಲ್ ಕೋಡಿಂಗ್‌ಗೆ, ಅಂದರೆ ರೋಗ, ಚಿಕಿತ್ಸೆಗಳಿಗೆ ಸಂಕೇತ ಸಂಖ್ಯೆ ಹಾಕುವ ಕೆಲಸಕ್ಕೆ, ಹೋಗುತ್ತಿರುವುದು ಎಲ್ಲರಿಗೂ ಗೊತ್ತು. ಅಲ್ಲಿ ಮಾತ್ರ ಹಳೇ ಕಸುಬಿಗೆ ಬೆಲೆ ಇದೆ, ಉಳಿದ ಕಡೆ ಯಾಕಿಲ್ಲ ಅಂತ ನಮ್ಮ ಕಂಪನಿಗಳು ಉತ್ತರ ಹೇಳಬೇಕು.

ಈಗ ನನ್ನ ಕೋರಿಕೆಗಳು. ಮೊದಲನೆಯದು ನಿಮಗೇ. 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್ ಕ್ಷೇತ್ರದ ದಾರಿ ತಪ್ಪಿಸುವ ಜಾಹೀರಾತು ತಡೆಯಲು ಮಾರ್ಗಸೂಚಿ ತಂದಿದೆ. ಆಯ್ಕೆ ಖಾತರಿ, ಕೆಲಸ ಖಾತರಿ ಅಂತ ಸುಳ್ಳು ಭರವಸೆ ಕೊಡುವಂತಿಲ್ಲ. ಐಟಿ ಟ್ರೇನಿಂಗ್ ಸೆಂಟರ್‌ಗಳ ಜಾಹೀರಾತಿಗೂ ಅದೇ ಅಳತೆಗೋಲು ಹಿಡಿಯಿರಿ. ವಿಳಾಸ, ನೋಂದಣಿ ಸಂಖ್ಯೆ ಇಲ್ಲದ ಜಾಹೀರಾತು ತೆಗೆದುಕೊಳ್ಳಬೇಡಿ. ಮೋಸ ಹೋದವರು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು ಅಂತ ಆ ಪುಟದ ಅಡಿಯಲ್ಲಿ ಒಂದು ಸಾಲು ಹಾಕಿದರೆ ನಿಮಗೆ ನಷ್ಟವೇನಿಲ್ಲ. ಜಾಹೀರಾತಿನ ಆದಾಯ ನಿಮಗೂ ಬೇಕು ಅನ್ನುವುದು ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ಪೇಪರಿನಲ್ಲಿ ಬಂದಿದೆ ಅಂದರೆ ಈಗಲೂ ನಂಬುತ್ತಾರೆ.

ಕಂಪನಿಗಳಿಗೆ ಹೇಳುವುದು ಇಷ್ಟೇ. ಪಾಸಾದ ವರ್ಷದ ಷರತ್ತು ತೆಗೆಯಿರಿ. ಹತ್ತು ಜನ ಫ್ರೆಶರ್ ತೆಗೆದುಕೊಳ್ಳುವ ಕಡೆ ಒಬ್ಬರನ್ನು ಕಸುಬು ಗೊತ್ತಿರುವವರನ್ನು ತೆಗೆದುಕೊಂಡು, ಫ್ರೆಶರ್ ಸಂಬಳವನ್ನೇ ಕೊಟ್ಟು ಆರು ತಿಂಗಳು ನೋಡಿ. ಬರುವವರು ಬರುತ್ತಾರೆ, ನಾನೇ ಬಂದೆನಲ್ಲ. ಇಸಿಸಿ ಅನ್ನುವ ಸ್ಯಾಪ್‌ನ ಹಳೇ ಆವೃತ್ತಿಗೆ ಸ್ಯಾಪ್ ಕಂಪನಿ ಕೊಡುವ ಮುಖ್ಯ ನಿರ್ವಹಣೆ 2027ರ ಕೊನೆಗೆ ಮುಗಿಯುತ್ತದೆ. ಅದರ ಮೇಲೆ ನಿಂತ ಕಾರ್ಖಾನೆಗಳು ಹೊಸದಕ್ಕೆ ಹೋಗಬೇಕು. ಆಗ ಮತ್ತೆ ಯಾರಾದರೂ ಯಾರ್ಡಿಗೆ ಇಳಿದು ರಾಡಿನ ಬಿಲ್ಲೆ ನೋಡಲೇಬೇಕು.

ಕೊನೆಯದು ಸರ್ಕಾರಕ್ಕೆ. ಯುವನಿಧಿಯಲ್ಲಿ ಕೆಲಸ ಸಿಗದ ಹೊಸ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ಕೊಡುತ್ತಿದ್ದೀರಿ, ಒಳ್ಳೆಯದು. ಕೆಲಸದಲ್ಲಿದ್ದು ಕಸುಬು ಬದಲಿಸಬೇಕು ಅನ್ನುವವರಿಗೆ ಅಂಥದ್ದು ಏನೂ ಇಲ್ಲ. ನಮಗೆ ದುಡ್ಡು ಬೇಡ, ನಂಬಬಹುದಾದ ಒಂದು ತರಗತಿ ಬೇಕು. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ರಾಜಾಜಿನಗರದಲ್ಲಿದೆ, ಟೂಲ್ ರೂಮ್ ಕಲಿಕೆಯಲ್ಲಿ ಅದರ ಹೆಸರು ಪೀಣ್ಯದ ಎಲ್ಲ ಶಾಪ್‌ಗಳಿಗೂ ಗೊತ್ತು. ಅಲ್ಲಿಯ ಸರ್ಟಿಫಿಕೇಟ್ ಹಿಡಿದು ಹೋದರೆ ಶಾಪ್‌ನವರು ಪ್ರಶ್ನೆ ಕೇಳುವುದಿಲ್ಲ. ಅದೇ ಜಿಟಿಟಿಸಿ ಡೇಟಾಬೇಸ್, ಇಆರ್‌ಪಿ (ಸ್ಯಾಪ್‌ನಂಥ ಸಾಫ್ಟ್‌ವೇರ್), ಮಷೀನ್ ಡೇಟಾ ಇವನ್ನು ಕೆಲಸದಲ್ಲಿರುವವರಿಗೆ ಕನ್ನಡದಲ್ಲಿ ಹೇಳಿಕೊಡುವ ಕೋರ್ಸ್ ಶುರು ಮಾಡಲಿ. ಶುರು ಮಾಡಿದರೆ ದಯವಿಟ್ಟು ಬೆಳಿಗ್ಗೆ ಹತ್ತು ಗಂಟೆಗೆ ಇಡಬೇಡಿ. ಫಸ್ಟ್ ಶಿಫ್ಟ್ ಎರಡೂವರೆಗೆ ಬಿಡುತ್ತದೆ, ಕೈಕಾಲು ತೊಳೆದು ಊಟ ಮಾಡಿ ಬರಲು ಸಮಯ ಬೇಕು. ನಾಲ್ಕು ಗಂಟೆಗೆ ಇಡಿ, ಸೆಕೆಂಡ್ ಶಿಫ್ಟ್‌ನವರಿಗೆ ಭಾನುವಾರ ಒಂದು ಬ್ಯಾಚ್ ಇಡಿ. ಸಾಧ್ಯವಾದರೆ ಪೀಣ್ಯದಲ್ಲೇ ಒಂದು ಕೊಠಡಿ ಹಿಡಿಯಿರಿ.

ಇತಿ,
ಪೀಣ್ಯದ ಮಾಜಿ ಕ್ವಾಲಿಟಿ ಇನ್‌ಸ್ಪೆಕ್ಟರ್
ಟಿ. ದಾಸರಹಳ್ಳಿ, ಬೆಂಗಳೂರು